ಬಾಗಿಲು ಹಾಕಿದ ಕೋಣೆ

"ಅಲ್ಲೇ ನಿಲ್ಲೇ ಮುಂಡೆ! ಬೇಲಿ ದಾಟಿದ್ರೆ ಕಾಲು ಮುರೀತೀನಿ."

ಹಟ್ಟಿಯ ಪೂಜಾರಿ ಚಿತ್ತಪ್ಪ ಕೈಯಲ್ಲಿದ್ದ ಕೋಲನ್ನು ಎತ್ತಿ ತೋರಿಸಿದ. ಶಿಲ್ಪಾ ಕಳ್ಳಿ ಬೇಲಿಯ ಆಚೆಯೇ ನಿಂತಳು. ಬೆಳಗ್ಗೆ ಮುಟ್ಟಾಗಿದ್ದಳು. ಮುಟ್ಟಾದ ಹೆಂಗಸರು ಹಟ್ಟಿಯೊಳಗೆ ಇರುವಂತಿಲ್ಲ. ಮೈಲಿಗೆ ಕಳೆಯುವವರೆಗೆ ಜಾಲಿ ಮರದ ಕೆಳಗಿನ ಗುಡಿಸಲೇ ಗತಿ. ಅದಕ್ಕೆ ಮೂರು ಕಡೆ ತಗಡು, ಒಂದು ಕಡೆ ಬಯಲು.

"ಒಳಕ್ಕೆ ಬರಲ್ಲ ಮಾವ. ಲ್ಯಾಪ್‌ಟಾಪ್ ಬೇಕು. ಅವ್ವ ತಂದ್ಕೊಡ್ತಾಳೆ."

"ಕೊಡ್ಲಿ. ಆಮ್ಯಾಕೆ ಅದನ್ನೂ ತೊಳ್ದೇ ಒಳಕ್ಕೆ ತರ್ಬೇಕು."

ತಾಯಿ ಯರ್ರಮ್ಮ ಲ್ಯಾಪ್‌ಟಾಪನ್ನು ಬೇಲಿ ಪಕ್ಕದ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅವಳು ದೂರ ಹೋದ ಮೇಲೆ ಶಿಲ್ಪಾ ಅದನ್ನು ಎತ್ತಿಕೊಂಡಳು.

ಗುಡಿಸಲಲ್ಲಿ ಪಕ್ಕದ ಮನೆಯ ಚಿಕ್ಕಕ್ಕ ನಿನ್ನೆಯಿಂದಲೇ ಇದ್ದಳು. ಪೂಜಾರಿಯ ಮಾತು ಅವಳಿಗೂ ಕೇಳಿಸಿತ್ತು.

"ತೊಳಿಬೇಕಂತಾ? ಸೋಪು ಹಾಕ್ತೀಯೋ, ಸೀಗೆಪುಡಿನೋ?"

"ಸುಮ್ಕಿರಕ್ಕ. ಈಗ ಇಂಟರ್‌ವ್ಯೂ ಐತೆ."

"ಮತ್ತಾ? ಹೆಣ್ಣು ನೋಡೋಕೆ ಬರೋರೂ ಇಷ್ಟು ಸಲ ಬರಲ್ಲ ಕಣೆ. ಅವ್ರು ಒಂದ್ಸಲ ಉಪ್ಪಿಟ್ಟು ತಿಂದು ಎದ್ದೋಗ್ತಾರೆ."

ಇದು ಕೊನೆಯ ಸುತ್ತು. ಮೊದಲು ಆನ್‌ಲೈನ್ ಪರೀಕ್ಷೆ ಆಗಿತ್ತು, ಆಮೇಲೆ ಫೋನಿನಲ್ಲಿ ಮಾತುಕತೆ, ಆಮೇಲೆ ಮನೆಯಲ್ಲೇ ಮಾಡಿ ಕಳಿಸುವ ಕೆಲಸ. ವಾರವಿಡೀ ಕೂತು ಬರೆದ ಆ ಪ್ರೋಗ್ರಾಮನ್ನು ಕಂಪನಿ ಏನು ಮಾಡಿಕೊಂಡಿತೋ ಹೇಳಲಿಲ್ಲ. ಕೊನೆಯ ಸುತ್ತಿನ ದಿನವನ್ನು ಅವರೇ ಮತ್ತೆ ಮತ್ತೆ ಮುಂದೂಡಿದರು. ಕಡೆಗೆ ಶುಕ್ರವಾರ ಎಂದಿದ್ದರು. ಅದಕ್ಕೆಂದೇ ಶಿಲ್ಪಾ ಚಳ್ಳಕೆರೆಯಲ್ಲಿ ಗೆಳತಿಯ ಕೋಣೆ ಕೇಳಿಟ್ಟಿದ್ದಳು. ಇವತ್ತು ಬುಧವಾರ. ಹನ್ನೊಂದಕ್ಕೆ ಸಿದ್ಧವಿರಿ ಎಂಬ ಸಂದೇಶ ಬಂದಾಗ ಚಳ್ಳಕೆರೆಗೆ ಹೋಗುವ ಕೊಂಡ್ಲಹಳ್ಳಿಯ ಬಸ್ಸು ಹೋಗಿಯಾಗಿತ್ತು. ಇವತ್ತು ಆಗುವುದಿಲ್ಲ ಎಂದು ಬರೆದಳು. ಕಾರಣ ಕೇಳಿದರು. ಆರೋಗ್ಯ ಸರಿಯಿಲ್ಲ ಎಂದಳು. ಹಾಗಾದರೆ ಬೇರೆಯವರನ್ನು ನೋಡುತ್ತೇವೆ ಎಂಬ ಉತ್ತರ ಬಂತು. ಈ ಕೆಲಸ ಸಿಗದಿದ್ದರೆ ಉಗಾದಿ ಕಳೆಯುತ್ತಲೇ ಸೋದರಮಾವನ ಮಗನ ಜೊತೆ ಮದುವೆ ಎಂದು ಅಪ್ಪ ಮಾತು ಕೊಟ್ಟಿದ್ದ.

ಪರದೆಯ ಮೇಲೆ ಕನ್ನಡಕದ ಗಂಡಸೊಬ್ಬ ಬಂದ. ಹೆಸರು ಹೇಳಲಿಲ್ಲ.

"ಎಲ್ಲಿದೀರಿ ನೀವು? ಹಿಂದುಗಡೆ ಏನದು, ಕುರಿನಾ?"

"ಹೌದು ಸರ್."

ಅವನು ಪಕ್ಕಕ್ಕೆ ತಿರುಗಿದ. "ನೋಡ್ ಬಾರೋ, ಇಲ್ಲೊಬ್ರು ಕುರಿ ಕಾಯ್ಕೊಂಡು ಇಂಟರ್‌ವ್ಯೂ ಕೊಡ್ತಿದಾರೆ." ಇನ್ನೊಬ್ಬನ ನಗು ಕೇಳಿಸಿತು.

"ಇವ್ನ ಬಾಯಿಗ್ ಮಣ್ಣಾಕ," ಅಂದಳು ಚಿಕ್ಕಕ್ಕ.

"ಯಾರದು? ರೂಲ್ಸ್ ಓದಿಲ್ವಾ ಮೇಡಂ? ನಾಲ್ಕು ಗೋಡೆ ಇರೋ ರೂಮು, ಬಾಗಿಲು ಹಾಕಿರ್ಬೇಕು, ಒಳಗೆ ನೀವೊಬ್ರೇ. ಇಲ್ಲಾಂದ್ರೆ ಕಾಪಿ ಹೊಡೆದ ಹಾಗೇ ಲೆಕ್ಕ."

"ಸರ್, ಇದೊಂದ್ ಸಲ..."

"ಮನೆ ಇಲ್ವಾ ನಿಮಗೆ?"

"ಐತೆ ಸರ್."

"ಮತ್ತೆ ಒಳಗೆ ಹೋಗಿ! ಹತ್ತು ನಿಮಿಷ ಕಾಯ್ತೀನಿ."

ಶಿಲ್ಪಾಗೆ ಅಳು ಬರಲಿಲ್ಲ. ಆಕಳಿಕೆ ಬಂತು.

"ಏನಂತೆ?"

"ಮನೆಯೊಳಕ್ಕೆ ಹೋಗ್ಬೇಕಂತೆ."

"ಇವ್ನು ಒಳಕ್ಕೆ ಹೋಗು ಅಂತಾನೆ, ಅವ್ನು ಹೊರಗಿರು ಅಂತಾನೆ. ಇಬ್ರೂ ಒಂದ್ಸಲ ಮಾತಾಡ್ಕಂಡಾದ್ರೂ ಬರ್ಬಾರ್ದಾ ಬಡ್ಡಿಮಕ್ಳು."

ಶಿಲ್ಪಾ ಎದ್ದಳು. ತೆರೆದ ಲ್ಯಾಪ್‌ಟಾಪನ್ನು ಎದೆಗೆ ಹಿಡಿದು ಬೇಲಿಯ ನಡುವಿನ ದಾರಿಯಲ್ಲಿ ಹಟ್ಟಿಯೊಳಗೆ ನಡೆದಳು. ಓಡಲಿಲ್ಲ.

"ಲೇ! ಹಿಡೀರೋ ಅವಳ್ನ!" ಚಿತ್ತಪ್ಪ ಕೂಗಿದ.

ಜಗಲಿಗಳಿಂದ ಗಂಡಸರು ಎದ್ದರು. ಯಾರೂ ಹಿಡಿಯಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಿತ್ತು.

ಯರ್ರಮ್ಮ ಹೊಸಿಲಲ್ಲಿ ಅಡ್ಡ ನಿಂತಳು. "ಬ್ಯಾಡ ಕಣವ್ವ. ದ್ಯಾವ್ರು ಸುಮ್ಕಿರಲ್ಲ. ನಿಮ್ಮಪ್ಪನ್ನ ಗುಡಿ ಮುಂದೆ ನಿಲ್ಲಿಸ್ತಾರೆ."

"ದಾರಿ ಬಿಡವ್ವ. ನಂಗೆ ಸಾಕಾಗೈತೆ."

ಯರ್ರಮ್ಮ ಬಿಡಲಿಲ್ಲ. ಶಿಲ್ಪಾ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಶೇಂಗಾ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಡುವ ಮುಂಚೆ ನಾಲ್ಕೂ ಗೋಡೆಗಳ ಕಡೆ ಅದನ್ನು ತಿರುಗಿಸಿ ತೋರಿಸಿದಳು.

"ಗುಡ್. ಇದನ್ನ ಮೊದಲೇ ಮಾಡಬಹುದಿತ್ತಲ್ಲ?"

ಪರದೆಯ ಮೇಲೆ ಪ್ರಶ್ನೆ ಬಂತು. ಅವಳು ಓದುತ್ತಿದ್ದಾಗಲೇ ಬಾಗಿಲಿಗೆ ಕೋಲಿನ ಏಟು ಬಿತ್ತು.

"ಏನದು ಸೌಂಡು? ಮ್ಯೂಟ್ ಮಾಡಿ."

"ಮಾಡಲ್ಲ ಸರ್. ಒಳಗೆ ಹೋಗಿ ಅಂದೋರು ನೀವೇ. ಕೇಳಿಸ್ಕಳ್ರಿ."

ಶಿಲ್ಪಾ ಉತ್ತರ ಬರೆಯತೊಡಗಿದಳು. ಇನ್ನೊಂದು ಏಟು ಬಿತ್ತು. ಅಗಳಿ ಅಲುಗಾಡಿತು.

"ಯರ್ರಮ್ಮ, ಸರ್ಕೊಳ್ಳೇ ಆ ಕಡೆ! ಬಾಗ್ಲು ಒಡೀಬೇಕು."

ಬಾಗಿಲಿಗೆ ಹೊರಗಿನಿಂದ ಯಾರೋ ಬೆನ್ನು ಒರಗಿಸಿ ಕುಳಿತ ಸದ್ದಾಯಿತು.

"ಎಲ್ಲಿಗ್ ಸರೀಲಪ್ಪ ಪೂಜಾರಿ? ಅವ್ಳು ನನ್ನೂ ಮುಟ್ಟವ್ಳೆ. ತಾಕತ್ತಿದ್ರೆ ಮುಟ್ಟಿ ಎಳಿ."

ಮತ್ತೆ ಬಾಗಿಲಿಗೆ ಏಟು ಬೀಳಲಿಲ್ಲ. ಪರದೆಯ ಗಂಡಸು ತಲೆ ತಗ್ಗಿಸಿ ಏನನ್ನೋ ಬರೆದುಕೊಳ್ಳುತ್ತಿದ್ದ. ಶಿಲ್ಪಾ ಮುಂದಿನ ಸಾಲಿಗೆ ಹೋದಳು.