ಹಂಡೆಯ ಕೆಲಸ ಕಲಿಸಿದವನು

ನನ್ನ ತಂಗಿಯ ಮಗಳನ್ನು ಬಣ್ಣದ ಕಾರ್ಖಾನೆಗೆ ಸೇರಿಸಿದವನು ನಾನೇ. ನೂಲು ಬೇಯಿಸುವ ಹಂಡೆಗಳ ಹತ್ತಿರ ನನ್ನದು ಮೂವತ್ತೊಂದು ವರ್ಷದ ಕೆಲಸ. ಒಳಗೆ ಹಬೆ ಎಷ್ಟಿದೆಯೆಂದು ತೋರಿಸುವ ಮುಳ್ಳು ಕೆಟ್ಟು ಆರು ವರ್ಷವಾಗಿತ್ತು. ಹೇಳಿ ಹೇಳಿ ನಮ್ಮ ಬಾಯಿ ನೋಯಿತೇ ಹೊರತು ಹೊಸದು ಬರಲಿಲ್ಲ. ಅದಕ್ಕೇ ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆವು. ಚುಂಯ್ ಎಂದರೆ ಕಾಯಬೇಕು, ಸುಮ್ಮನಿದ್ದರೆ ತಿರುಪು ಬಿಚ್ಚಬೇಕು. ಅವಳಿಗೂ ಅದನ್ನೇ ಕಲಿಸಿದೆ.

ಒಂದು ದಿನ ಯಾರೋ ಹಂಡೆಗೆ ಹೊರಗಿನಿಂದ ತಣ್ಣೀರು ಹೊಡೆದು ತೊಳೆದಿದ್ದರು. ಮುಚ್ಚಳ ತಣ್ಣಗಾಗಿತ್ತು, ಒಳಗಿನ ಹಬೆ ಹಾಗೇ ಇತ್ತು. ಅವಳಿಗೆ ಗೊತ್ತಿರಲಿಲ್ಲ. ಬಟ್ಟೆ ಸುಮ್ಮನಿತ್ತು. ಬಿಚ್ಚಿದಳು. ಹಬೆ ಕೊರಳಿಗೆ, ಎದೆಗೆ ಬಡಿಯಿತು.

ಜೀವ ಉಳಿಯಿತು. ಆದರೆ ಸುಟ್ಟ ಚರ್ಮ ಬಿಗಿದು ಗದ್ದವನ್ನು ಎದೆಗೆ ಎಳೆದುಕೊಂಡಿತು, ತಲೆ ಎತ್ತಲಾಗದು. ಆಪರೇಶನ್ ಮಾಡಿದರೆ ಸರಿಹೋದೀತು ಎಂದರು ಡಾಕ್ಟರು. ನಮ್ಮ ಕೈಲಿ ಆಗುವ ಖರ್ಚಲ್ಲ. ಕಾರ್ಖಾನೆಯಿಂದ ಪರಿಹಾರ ಕೇಳಿ ಕೋರ್ಟಿಗೆ ಹೋದೆವು.

ಆದರೆ ಆಸ್ಪತ್ರೆಯಲ್ಲಿ ಹೇಳಿಕೆ ಕೊಡುವಾಗ ಅವಳು, ಬಟ್ಟೆಯ ಉಪಾಯ ತನ್ನದೇ ಎಂದು ಬರೆಸಿಬಿಟ್ಟಿದ್ದಳು. ನನ್ನ ಕೆಲಸ ಹೋದೀತೆಂಬ ಭಯ. ಕಾರ್ಖಾನೆಯ ವಕೀಲರು ಅದೊಂದನ್ನೇ ಹಿಡಿದುಕೊಂಡರು: ಹುಡುಗಿ ತನ್ನ ಹುಚ್ಚಾಟಕ್ಕೆ ತಾನೇ ಸುಟ್ಟುಕೊಂಡಳು.

ನನ್ನ ಸಾಕ್ಷಿಯ ದಿನ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೆವು.

“ಮಾವ, ಒಳಗೆ ಏನು ಹೇಳ್ತೀಯ?”

“ಕೇಳಿದ್ದು.”

“ಕಲಿಸಿದ್ದೆಲ್ಲ ಹೇಳ್ಬೇಡ. ನೀನು ರಿಟೈರಾಗೋಕೆ ಎಂಟೇ ತಿಂಗಳಿದೆ. ಬಾಯಿ ಮುಚ್ಕೊಂಡಿರು.”

“ಇಷ್ಟು ವರ್ಷ ಇನ್ನೇನು ಮಾಡ್ದೆ ತಾಯಿ?”

ಒಳಗೆ ಕಾರ್ಖಾನೆಯ ವಕೀಲರು ನಯವಾಗಿ ಕೇಳಿದರು, “ಯಜಮಾನ್ರೇ, ಬಟ್ಟೆ ಹಾಕೋದನ್ನ ಕಾರ್ಖಾನೆ ಕಲಿಸುತ್ತಾ?”

“ಇಲ್ಲ ಸ್ವಾಮಿ. ನಾನು ಕಲಿಸಿದ್ದು. ಮುಳ್ಳು ಕೆಟ್ಟ ವಾರದಿಂದ ಏಳು ಜನಕ್ಕೆ ಕಲಿಸಿದೀನಿ. ಇವಳು ಏಳನೆಯವಳು.”

ವಕೀಲರು ಸಾಕು ಎಂದು ಕೂತರು. ನ್ಯಾಯಾಧೀಶರು ಬಿಡಲಿಲ್ಲ. “ಮೇಲಿನವರಿಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಸೋಮವಾರ ಸೋಮವಾರ ಬಟ್ಟೆ ಹಂಚ್ತಿದ್ದವನೇ ಕೊಕ್ಕರೆ.” ಎಲ್ಲರೂ ನಕ್ಕರು. “ತಪ್ಪಾಯ್ತು. ನಮ್ಮ ಸೂಪರ್‌ವೈಸರು. ಕತ್ತು ಉದ್ದ ಅಂತ ಹಾಗಂತೀವಿ.”

ನ್ಯಾಯಾಧೀಶರು ನಗದೆ ಬರೆದುಕೊಂಡರು.

ಹೊರಗೆ ಬಂದಮೇಲೆ ಅವಳು ನನ್ನ ಅಂಗಿಯ ಗುಂಡಿಗಳನ್ನೇ ನೋಡುತ್ತ ಬೈದಳು. “ಯಾರು ಹೇಳು ಅಂದಿದ್ದು ನಿಂಗೆ? ದೊಡ್ಡ ಹರಿಶ್ಚಂದ್ರ!” ಎದೆ ಹಗುರಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೇಳಿದ್ದರಿಂದ ಕಲಿಸಿದ್ದು ಅಳಿಸಿಹೋಗುವುದಿಲ್ಲ. ಮರುದಿನ ಗೇಟಿನಲ್ಲೇ ನನ್ನನ್ನು ವಾಪಸು ಕಳಿಸಿದರು.

ನಾಲ್ಕು ತಿಂಗಳಿಗೆ ತೀರ್ಪು ನಮ್ಮ ಕಡೆ ಆಯಿತು. ಆಪರೇಶನ್ನೂ ಆಯಿತು. ಪಟ್ಟಿ ಬಿಚ್ಚಿದ ದಿನ ಅವಳು ಮೆಲ್ಲಗೆ, ಹೆದರಿ ಹೆದರಿ, ಗದ್ದ ಎತ್ತಿದಳು. ಎಷ್ಟೋ ಹೊತ್ತು ನನ್ನ ಮುಖವನ್ನೇ ನೋಡಿದಳು.

“ಅಯ್ಯೋ ಮಾವ,” ಎಂದಳು, “ಎಷ್ಟು ಮುದುಕ ಆಗ್ಬಿಟ್ಟಿದೀಯ!”