ಕುಂಯ್ ಅಕ್ಕನ ಸಂಗೀತ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದವಳನ್ನು ಎಲ್ಲರೂ ಕುಂಯ್ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅವಳು ಒಂದು ಯಂತ್ರದ ಗುಂಡಿ ತಿರುಗಿಸಿ ಕುಂಯ್, ಗುಂಯ್, ಪೀಂ ಎನ್ನುವ ಸದ್ದುಗಳನ್ನು ಜನರ ಕಿವಿಗೆ ಬಿಡುತ್ತ, ಯಾರಿಗೆ ಎಷ್ಟು ಕೇಳಿಸುತ್ತದೆಂದು ಬರೆದಿಡುತ್ತಿದ್ದಳು. ಅದನ್ನು ಸಂಗೀತವೆಂದು ಅವಳಾಗಲಿ ಅವಳ ರೋಗಿಗಳಾಗಲಿ ಕನಸಿನಲ್ಲೂ ಎಣಿಸಿರಲಿಲ್ಲ.

ಹಾಗೆ ಎಣಿಸಿದವನು ಅವಳ ತಂಗಿಯ ಗಂಡ. ಅವನು ಸಿನಿಮಾ ನಿರ್ದೇಶಕ. ಕಥೆ, ನಟರು, ಮಾತು ಎಲ್ಲಕ್ಕೂ ಕೈಮುಗಿದು, ಒಂದು ಗೋಡೆಯ ಸುಣ್ಣ ಉದುರುವುದನ್ನೇ ಮೂವತ್ತು ನಿಮಿಷ ಚಿತ್ರೀಕರಿಸಿದ್ದ. ಹಿನ್ನೆಲೆ ಸಂಗೀತಕ್ಕೆಂದು ಕರೆಸಿದ ಪಿಟೀಲಿನವರು ಹತ್ತು ನಿಮಿಷ ನೋಡಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದುಹೋದವರು ಮತ್ತೆ ಮುಖ ತೋರಿಸಲಿಲ್ಲ. ಅದೇ ವಾರ ಕಿವಿ ಗುಂಯ್‌ಗುಡುತ್ತದೆಂದು ಅವನು ಆಸ್ಪತ್ರೆಗೆ ಬಂದ. ಅಕ್ಕ ಅವನ ತಲೆಗೆ ಹೆಡ್‌ಫೋನ್ ಹಾಕಿ ಗುಂಡಿ ತಿರುಗಿಸಿದಳು. ಅವನ ಕಣ್ಣಲ್ಲಿ ನೀರು ಬಂತು. ನೋವಾಯಿತೇನೋ ಎಂದು ಅವಳು ಸದ್ದು ಇಳಿಸಿದಳು.

"ಇಳಿಸಬೇಡಿ ಅತ್ತಿಗೆ," ಎಂದ. "ನನ್ನ ಗೋಡೆ ಮಾತಾಡ್ತಿದೆ."

ಭಾನುವಾರಗಳಂದು ಅದೇ ನೆಲಮಾಳಿಗೆಯಲ್ಲಿ ಚಿತ್ರಕ್ಕೆ ಸಂಗೀತ ಕಟ್ಟುವ ಕೆಲಸ ನಡೆಯತೊಡಗಿತು. ಅವನು ಒಂಟಿತನದ ಸದ್ದು ಬೇಕೆನ್ನುವನು. ಅವಳು ದಪ್ಪದ್ದೋ ತೆಳ್ಳಗಿನದ್ದೋ ಎಂದು ಕೇಳುವಳು. ಸದ್ದುಗಳನ್ನು ಟೇಪಿಗೆ ಹಿಡಿದು, ಕತ್ತರಿಯಿಂದ ತುಂಡು ಮಾಡಿ, ಹಿಂದುಮುಂದು ಮಾಡಿ ಅಂಟಿಸಿದಳು. ಉದ್ದದ ಟೇಪಿನ ಎರಡೂ ತುದಿ ಸೇರಿಸಿ, ಕುರ್ಚಿ ಕಾಲಿಗೆ ಬಳಸಿ ಗಿರಗಿರನೆ ಓಡಿಸಿದಳು. ಎರಡು ಸದ್ದುಗಳನ್ನು ಶ್ರುತಿಯಲ್ಲಿ ಕೂದಲೆಳೆಯಷ್ಟು ಅಂತರದಲ್ಲಿಟ್ಟಾಗ ನಡುವೆ ಮೂರನೆಯದೊಂದು ತೂಗಾಡತೊಡಗಿತು. ಅಕ್ಕ ಬೆರಗಾಗಿ ಕೂತುಬಿಟ್ಟಳು. ಇಷ್ಟು ವರ್ಷ ಯಾರದೋ ಕಿವಿಯ ದೋಷ ಹುಡುಕಲು ಅಲೆದಿದ್ದ ಸದ್ದು, ಈಗ ಸುಮ್ಮನೆ ತನ್ನ ಪಾಡಿಗೆ ಹಾಡಿಕೊಂಡಿತ್ತು. ಆಮೇಲೆ ನಿರ್ದೇಶಕ ಬಾರದ ದಿನವೂ ಅವಳು ಟೇಪಿನ ಮುಂದೆಯೇ.

ಮೊದಲ ಪ್ರದರ್ಶನ ಒಂದು ಪುಟ್ಟ ಸಭಾಂಗಣದಲ್ಲಿ, ಮಧ್ಯಾಹ್ನ. ಸದ್ದು ಶುರುವಾಗಿ ಒಂದು ನಿಮಿಷವಾಗಿರಲಿಲ್ಲ, ಪ್ರೊಜೆಕ್ಟರ್ ನಡೆಸುವ ಆಪರೇಟರ್ ಚಿತ್ರ ನಿಲ್ಲಿಸಿ ಆಂಪ್ಲಿಫೈಯರ್ ಬಿಚ್ಚಿದ. ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ಮೂರನೆಯ ಸಲ ಅಕ್ಕನೇ ಅವನಿದ್ದಲ್ಲಿಗೆ ಮೆಟ್ಟಿಲು ಹತ್ತಿದಳು.

"ಅದು ಕೆಟ್ಟಿಲ್ಲಪ್ಪ, ಇರೋದೇ ಹಾಗೆ."

ಆಪರೇಟರ್ ಕನಿಕರದಿಂದ ನೋಡಿದ. "ಇರೋದೇ ಹಾಗೆ ಅಂದ್ರೆ, ಹುಟ್ತಾನೇ ಕೆಟ್ಟಿದೆ ಅಂತಾಯ್ತಲ್ಲಮ್ಮ."

ಹಾಗೆಂದರೂ ಕೊನೆತನಕ ಓಡಿಸಿದ. ಜನ ಚಪ್ಪಾಳೆ ತಟ್ಟಿದರು. ಆಂಪ್ಲಿಫೈಯರ್ ಬಿಚ್ಚಿದ್ದೂ ಚಿತ್ರದ ಭಾಗವೇ ಎಂದುಕೊಂಡಿದ್ದರು. ಆಮೇಲೆ ಪರದೆಯ ಮೇಲೆ ಹೆಸರುಗಳು ಬಂದವು. ನಿರ್ದೇಶನ ಅವನದು, ಸಂಗೀತವೂ ಅವನದೇ. ಕೆಳಗೆ ಸಣ್ಣಕ್ಷರದಲ್ಲಿ, ಯಂತ್ರ ಕೊಟ್ಟ ಆಸ್ಪತ್ರೆಗೆ ವಂದನೆ. ಅಕ್ಕ ಚೀಲ ಹೆಗಲಿಗೇರಿಸಿ ಹೊರಟಳು.

ಚಿತ್ರದ ಸಂಕಲನ ಮಾಡಿದ್ದವಳು ತಂಗಿ. ಅವಳು ಮನೆಯಲ್ಲಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಹೊಸ ಕಲೆಯಲ್ಲಿ ಕರ್ತೃ ಎಂಬವನೇ ಇಲ್ಲ, ಎಲ್ಲವೂ ತಾನಾಗಿ ಹುಟ್ಟುತ್ತದೆ ಎಂದು ಅವನು ಅರ್ಧ ಗಂಟೆ ಕೊರೆದ.

"ಸರಿ, ಹಾಗಾದ್ರೆ ನಿಮ್ಮ ಹೆಸರು ಯಾಕೆ ಎರಡು ಸಲ ಹುಟ್ತು?"

ಅವನಿಗೆ ಹೊರಗೆ ತುರ್ತು ಕೆಲಸ ನೆನಪಾಯಿತು.

ತಂಗಿ ಹೊಲಿಗೆ ಸೂಜಿ, ಭೂತಗನ್ನಡಿ ಹಿಡಿದು ಕೂತಳು. ಫಿಲ್ಮಿನ ಕೊನೆಯ ಕಪ್ಪು ಪಟ್ಟಿಯಲ್ಲಿ, ಒಂದೊಂದು ಚೌಕದೊಳಗೂ, ಅಕ್ಕನ ಹೆಸರನ್ನು ಗೀಚಿದಳು. ಮೂರು ದಿನ ಹಿಡಿಯಿತು. ಎರಡನೆಯ ಪ್ರದರ್ಶನದಲ್ಲಿ ಕತ್ತಲ ಪರದೆಯ ಮೇಲೆ ಆ ಹೆಸರು ಬೆಳ್ಳಗೆ, ಇರುವೆ ಕಚ್ಚಿದಂತೆ ಚಡಪಡಿಸುತ್ತ ಕುಣಿಯಿತು. ಇಡೀ ಚಿತ್ರದಲ್ಲಿ ಅತಿ ದಿಟ್ಟ ಕ್ಷಣ ಇದೇ ಎಂದು ಒಬ್ಬ ವಿಮರ್ಶಕ ಎದ್ದು ನಿಂತು ಕೊಂಡಾಡಿದ. ನಿರ್ದೇಶಕನೂ ಎದ್ದು ನಮಸ್ಕಾರ ಮಾಡಿದ. ಇನ್ನು ಅದನ್ನು ಅಳಿಸುವಂತೆಯೂ ಇರಲಿಲ್ಲ.

ಜನ ಹೊರಟರೂ ಅಕ್ಕ ಏಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ತಂಗಿಯ ಕಡೆ ತಿರುಗಿದಳು.

"ನನ್ನ ಹೆಸರಲ್ಲಿ ಒಂದು ಕೊಂಬು ಬಿಟ್ಟಿದ್ದೀಯಲ್ಲೇ."

"ಬೇಕಂತ್ಲೇ ಬಿಟ್ಟೆ," ಎಂದಳು ತಂಗಿ. "ಇಷ್ಟು ಜನ ಹೊಗಳ್ತಿದ್ದಾರೆ. ನಿಂಗೆ ಕೊಂಬು ಬಂದ್ಬಿಟ್ರೆ ಹಿಡಿಯೋರು ಯಾರು?"