ಮಾಯಿಯ ಚಿತ್ರದ ಹಿಂದಿನ ಹಳದಿ ದೀಪ

ಅದನ್ನು ಡಯಾನಾ ತನ್ನ ದಿನಚರಿಯಲ್ಲೂ ಬರೆಯಲಿಲ್ಲ. ಯಾರಾದರೂ ಓದಿಯಾರು ಅನ್ನುವ ಭಯಕ್ಕಲ್ಲ, ಬರೆದ ಮೇಲೆ ತಾನೇ ಸುಮ್ಮನಿರಲು ಆಗುವುದಿಲ್ಲವಲ್ಲ ಅನ್ನುವ ಭಯಕ್ಕೆ. ‘ಬೆಳಗುತ್ತಿರುವುದು ಮಾಯಿ ಅಲ್ಲ. ಮಾಯಿಯ ಹಿಂದೆ ಬೇರೆ ಏನೋ ಉರಿಯುತ್ತಿದೆ’ ಎಂದು ಮನಸ್ಸಿನೊಳಗೇ ಒಮ್ಮೆ ಅಂದುಕೊಂಡಳು. ಅಷ್ಟಕ್ಕೇ ದಿನಚರಿ ಮುಚ್ಚಿಟ್ಟಳು.

ಜೋಯಿಡಾ ಕಡೆಯ ಕಾಡಂಚಿನ ಆ ಊರಿಗೆ ಇರುವುದು ಒಂದೇ ಜೀಪು, ಡಯಾನಾಳ ಅಪ್ಪ ರೊಜಾರಿಯೊನದು. ಹಳೇ ಡೀಸೆಲ್ ಗಾಡಿ. ಬೆಳಕು ಹರಿಯುವ ಮೊದಲೇ ಮಂದಿಯನ್ನು ತುಂಬಿಕೊಂಡು, ದಾಂಡೇಲಿ ದಾಟಿ ಹಳಿಯಾಳ ಮುಟ್ಟುತ್ತದೆ. ಸ್ಪೀಡು ತೋರಿಸುವ ಗಾಜಿನ ಮೂಲೆಯಲ್ಲಿ ಕಪ್ಪಗೆ, ಖಾಲಿ ಕಾಣುತ್ತಿದ್ದ ಜಾಗಕ್ಕೆ ರೊಜಾರಿಯೊ ಎಂದೋ ಮರಿಯಮ್ಮನ ಸಣ್ಣ ಸ್ಟಿಕರ್ ಅಂಟಿಸಿದ್ದ. ಊರವರೆಲ್ಲ ಆಕೆಯನ್ನು ಮಾಯಿ ಅನ್ನುತ್ತಾರೆ. ಈ ಮಳೆಗಾಲದ ಒಂದು ನಸುಕಿನಲ್ಲಿ ಆ ಮಾಯಿ ಹೊಳೆಯತೊಡಗಿದಳು. ನೀಲಿ ಸೆರಗಿನ ಸುತ್ತ ಬಂಗಾರದ ಬಣ್ಣದ ಬೆಳಕು!

ಮೊದಲು ಕಂಡವಳು ಸಂತೆಗೆ ಕಾಯಿಪಲ್ಲೆ ಒಯ್ಯುವ ನೀಲಕ್ಕ. “ಯವ್ವಾ ಯವ್ವಾ! ನೋಡ್ರಿ ಇಲ್ಲೆ, ಮಾಯಿ ಕಣ್ಣ ತೆರದಾಳ!”

ಅಂದಿನಿಂದ ಗಾಡಿ ಹತ್ತುವವರೆಲ್ಲ ಮುಂದೆ ಬಗ್ಗಿ ಆ ಗಾಜು ಮುಟ್ಟಿ, ಕಣ್ಣಿಗೊತ್ತಿಕೊಂಡೇ ಸೀಟಿಗೆ ಕೂರುವುದು. ರೊಜಾರಿಯೊನ ಮೀಸೆ ಬೆರಳಗಲ ಮೇಲೆದ್ದಿತ್ತು. ಪಕ್ಕದ ಮನೆಯ ಹುಸೇನಬಿಯೂ ಮುಟ್ಟುತ್ತಿದ್ದಳು. “ನಿಮ್ಮ ಮಾಯೀನ ನಮ್ಮ ಮರಿಯಂ ಬೀಬಿ. ಬರಕತ್ ಐತಿ ಈ ಗಾಡ್ಯಾಗ.”

ಹುಸೇನಬಿಗೆ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಹಳಿಯಾಳದ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಚ್ಚಿ ರಕ್ತ ಸೋಸಬೇಕು. ಒಂದು ಸರತಿ ತಪ್ಪಿದರೆ ಕಾಲು ಬಾತು, ಉಸಿರು ಮೇಲೆ ಬರುತ್ತದೆ. ಕಾಗದ ಓದಲು, ಕೈ ಹಿಡಿದು ಇಳಿಸಲು ಡಯಾನಾ ಜೊತೆಗೆ ಹೋಗುತ್ತಾಳೆ. ಬಿ.ಎ. ಮುಗಿಸಿದ ಹುಡುಗಿ, ಆದರೆ ಮಾತು ಕಡಿಮೆ. “ಇಕಿ ಬಾಯಾಗ ಮುತ್ತ ಇಟ್ಕೊಂಡಾಳ, ಉದರತಾವಂತ ತೆಗ್ಯಂಗಿಲ್ಲ” ಎಂದು ನೀಲಕ್ಕ ಕಾಡಿಸುವುದು ದಿನದ ಪಾಠ.

ಹೋದ ವಾರ ಏರಿನಲ್ಲಿ ಗಾಡಿ ಜಗ್ಗಿತು. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಕೆಮ್ಮಿದ ಹಾಗೆ ಮಾಡಿ ಗಪ್ಪನೆ ನಿಂತಿತು. ಸುತ್ತ ಕಾಡು, ಮೇಲೆ ಜಡಿಮಳೆ. ರೊಜಾರಿಯೊ ಕೀಲಿ ತಿರುವಿದ, ಬೈದ, ಬೇಡಿಕೊಂಡ, ಮತ್ತೆ ತಿರುವಿದ. ಹುಸೇನಬಿ ಡಯಾನಾಳ ಭುಜಕ್ಕೆ ತಲೆಯಿಟ್ಟು ಸಣ್ಣಗೆ ಏದುತ್ತಿದ್ದಳು. ಬಹಳ ಹೊತ್ತಿನ ಮೇಲೆ ಇಂಜಿನ್ನು ಹೊತ್ತಿಕೊಂಡಿತು. ಹಳಿಯಾಳ ಮುಟ್ಟುವಷ್ಟರಲ್ಲಿ ಅವಳ ಸರತಿ ದಾಟಿತ್ತು. ಇನ್ನೊಂದು ಯಂತ್ರ ಖಾಲಿ ಇದ್ದದ್ದು ಪುಣ್ಯ.

“ಮಾಯೀನ ದಾಟಿಸಿದಳು” ಅಂದ ರೊಜಾರಿಯೊ. ಎಲ್ಲರೂ ಹೌದೆಂದರು. ಮುಂದಿನ ಸೀಟಿನಲ್ಲಿದ್ದ ಡಯಾನಾ ಮಾತ್ರ ಬೇರೊಂದನ್ನು ಕಂಡಿದ್ದಳು. ಬೇರೆ ದಿನ ಮಿಣಮಿಣ ಅನ್ನುತ್ತಿದ್ದ ಬೆಳಕು ಗಾಡಿ ನಿಲ್ಲುವ ಮೊದಲು ಬಿಡದೇ ಉರಿದಿತ್ತು.

ಅಂದು ಸಂಜೆ ಹಿತ್ತಲಿಗೆ ಹೋಗಿ ಜ್ಯೋತಿಗೆ ಫೋನ್ ಹಚ್ಚಿದಳು. ಪಿಯುಸಿಯಲ್ಲಿ ಒಂದೇ ಬೆಂಚಿನ ಗೆಳತಿ. ಅವಳಪ್ಪ ಶಿವಲಿಂಗ ದಾಂಡೇಲಿಯ ಕಾಗದದ ಮಿಲ್ಲಿಗೆ ಹೋಗುತ್ತಾನೆ. ಜ್ಯೋತಿ ಐಟಿಐ ಕಲಿತು ಆ ಊರಲ್ಲೇ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಗಾಡಿ ಬಿಚ್ಚುತ್ತಾಳೆ.

“ಹಳದಿ ದೀಪೇನ? ಅದರಾಗ ಹನಿ ಚಿತ್ರ ಐತೇನ?”

“ಕಾಣಂಗಿಲ್ಲ. ಮ್ಯಾಲ ಮಾಯಿ ಕುಂತಾಳ.”

ಜ್ಯೋತಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. “ಡೀಸೆಲ್ದಾಗ ನೀರ ಸೇರೈತಿ, ಡಯಾನಾ. ಫಿಲ್ಟರಿನ ಬುಡದಾಗ ನೀರ ತುಂಬಿದ್ರ ಆ ದೀಪ ಹತ್ತತೈತಿ. ಹಂಗ ಬಿಟ್ರ ಗಾಡಿ ಮತ್ತ ಏರಿನ್ಯಾಗ ನಿಲ್ಲತೈತಿ. ಇನ್ನೂ ಬಿಟ್ರ ಒಳಗ ಪಂಪ್ ತುಕ್ಕ ಹಿಡೀತೈತಿ. ಅಪ್ಪಗ ಹೇಳೀದೇನ?”

“ಅಪ್ಪ ಮಾಯೀನ ಅಂತಾನ...” ಅಂದು ಡಯಾನಾ ಅಲ್ಲಿಗೇ ನಿಲ್ಲಿಸಿದಳು.

“ಗೊತ್ತಾತು ಬಿಡು. ರವಿವಾರ ಬರ್ತೇನಿ.”

ರವಿವಾರ ರೊಜಾರಿಯೊ ಇಗರ್ಜಿಯಿಂದ ಬಂದು ಜೀಪು ತೊಳೆಯುತ್ತಿದ್ದ. ಗಾಡಿ ಮದುವಣಗಿತ್ತಿಯಂತೆ ಮಿಂಚುತ್ತಿತ್ತು.

“ಏನ ಚಂದ ಇಟ್ಟೀರಿ ಕಾಕಾ!” ಅಂದಳು ಜ್ಯೋತಿ. “ಡೀಸೆಲ್ ಫಿಲ್ಟರ್ ಯಾವಾಗ ಸ್ವಚ್ಛ ಮಾಡೀರಿ?”

“ಫಿಲ್ಟರೇನ? ಗಾಳೀ ಫಿಲ್ಟರ್ ಈಗ ಝಾಡಿಸೀನಿ ನೋಡು.”

“ಅದಲ್ರಿ, ಡೀಸೆಲ್ದು.”

“ಅದೋ! ಅದು ಇಂಜಿನ್ ಹಿಂದ, ಪೈಪಿನ ಬುಡಕ ಐತಿ. ಕೈ ಹೋಗಂಗಿಲ್ಲ. ದೇವರ ಕೈ ಹೋಗದಲ್ಲೆ ಇಟ್ಟಾನಂದ್ರ ಮುಟ್ಟಬ್ಯಾಡ ಅಂತನ.”

“ದೇವರಲ್ರಿ ಕಾಕಾ, ಅದನ್ನ ಇಟ್ಟಾಂವ ಕಾರ್ಖಾನ್ಯಾಂವ. ಅವನೂ ಅಲ್ಲಿ ಕೈ ಹಾಕೇ ಇಟ್ಟಾನ.”

“ಡೀಸೆಲ್ ನಾ ಲುಂಗ್ಯಾಗ ಸೋಸೇ ಹಾಕ್ತೇನಿ, ತಿಳೀತಿಲ್ಲೋ? ಕಸ ಒಂದ ಕಡ್ಡಿ ಒಳಗ ಹೋಗಂಗಿಲ್ಲ.”

ಅಲ್ಲಿತ್ತು ನೋಡಿ ಗುಟ್ಟು. ಬಂಕು ದೂರವೆಂದು ರೊಜಾರಿಯೊ ಡೀಸೆಲ್ಲನ್ನು ಸೂರಿನ ಕೆಳಗೆ ಒಂದು ಡ್ರಮ್ಮಿನಲ್ಲಿ ಇಡುತ್ತಿದ್ದ. ಮುಚ್ಚಳ ಸೀಳಿತ್ತು. ಸೂರಿನ ಹನಿ ಟಪ್ ಟಪ್ ಅಂತ ಅದರ ಮೇಲೇ ಬೀಳುತ್ತಿತ್ತು. ಜ್ಯೋತಿ ಒಂದು ಲೋಟ ಡೀಸೆಲ್ಲಿಗೆ ನೀರು ಬೆರೆಸಿ ಅವನ ಲುಂಗಿಯಲ್ಲೇ ಸೋಸಿ ತೋರಿಸಿದಳು. ಡೀಸೆಲ್ಲೂ ಇಳಿಯಿತು, ಹಿಂದೆಯೇ ನೀರೂ ಇಳಿಯಿತು.

“ಅರಿವಿ ಕಸ ಹಿಡೀತೈತ್ರಿ, ನೀರ ಹಿಡಿಯಂಗಿಲ್ಲ.”

ರೊಜಾರಿಯೊ ತಲೆ ಕೆರೆದ. “ಆತು, ನಿನ್ನ ಸಮಾಧಾನಕ್ಕ ಬಿಚ್ಚು. ಕೆಟ್ಟರ ನಿಮ್ಮಪ್ಪನ್ನ ಮಿಲ್ಲಿನಿಂದ ಎಳಕೊಂಡ ಬರ್ತೇನಿ.” ಹೇಳುತ್ತಾ ಕೈ ತಾನಾಗಿಯೇ ಕಿವಿಯ ಮೇಲಿನ ಬೀಡಿಗೆ ಹೋಯಿತು.

“ಬೀಡಿ ಅಲ್ಲೇ ಇರ್ಲಿ ಕಾಕಾ. ಡೀಸೆಲ್ ಮುಂದ ಬೆಂಕಿ ಬ್ಯಾಡ.”

ಇಂಜಿನ್ನು ಆರಿ ತಣ್ಣಗಾಗಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟರು. ಇಷ್ಟು ವರ್ಷ ಎಲ್ಲರೂ ಬಾನೆಟ್ ಎತ್ತಿ ಮೇಲಿನಿಂದಲೇ ಕೈ ತೂರಿಸಲು ನೋಡಿದ್ದರು. ಜ್ಯೋತಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಗಾಲಿಯನ್ನು ಹೊರಳಿಸಿದಳು. ಗಾಲಿಯ ಮೇಲುಗಡೆ ಒಂದು ಸಂದಿ ತೆರೆದುಕೊಂಡಿತು. ಜ್ಯೋತಿಯ ದಪ್ಪ ಮೊಣಕೈ ಅಲ್ಲಿ ಸಿಕ್ಕಿಬಿತ್ತು.

“ಡಯಾನಾ, ನಿನ್ನ ಕೈ ಸಣ್ಣದೈತಿ, ಬಾ.”

ಡಯಾನಾ ಕೈಗವಸು ಹಾಕಿಕೊಂಡು ನೆಲಕ್ಕೆ ಒರಗಿದಳು. ಕೈ ಭುಜದತನಕ ಒಳಗೆ ಹೋಯಿತು. ಕಣ್ಣಿಗೆ ಏನೂ ಕಾಣದು, ಬೆರಳೇ ಕಣ್ಣು. ಪೈಪು, ಕ್ಲಿಪ್ಪು, ಆಮೇಲೆ ದುಂಡನೆಯ ತಂಬಿಗೆಯಂಥದ್ದು. ಅದರ ಬುಡದಲ್ಲಿ ಸಣ್ಣದೊಂದು ತಿರುಪು.

“ಸಿಕ್ತು!” ಅಂದಳು. ಅವಳ ದನಿ ಅಷ್ಟು ದೊಡ್ಡದಾಗಿ ಕೇಳಿ ಅಪ್ಪನೇ ತಿರುಗಿ ನೋಡಿದ.

“ಕೆಳಗ ಬಾಟ್ಲಿ ಹಿಡಿ. ಎಡಕ್ಕ ತಿರುವು, ಪೂರಾ ಬಿಚ್ಚಬ್ಯಾಡ. ನಿಚ್ಚಳ ಡೀಸೆಲ್ ಬರೂತನ ಬಿಡು, ಆಮ್ಯಾಲ ಬಿಗಿ ಮಾಡು.”

ಬಾಟಲಿಯನ್ನು ಕಟ್ಟೆಯ ಮೇಲಿಟ್ಟರು. ನೋಡನೋಡುತ್ತಲೇ ಡೀಸೆಲ್ಲು ಮೇಲೆ ನಿಂತಿತು. ಕೆಳಗೆ ಅರ್ಧ ಬಾಟಲಿ ಕದಡಿದ ನೀರು, ಅದರೊಳಗೆ ಕರಿ ಲೋಳೆ.

“ಇದನ್ನ ಕುಡದ ನನ್ನ ಗಾಡಿ ಘಾಟ್ ಹತ್ತತಿತ್ತೇನ?” ರೊಜಾರಿಯೊ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಆಮೇಲೆ ಅವನೇ ಮುಂದಾಗಿ ನಿಂತು ಮಾಡಿಸಿದ. ಫಿಲ್ಟರಿನ ತಂಬಿಗೆ ಬಿಚ್ಚಿ ಒಳಗೆಲ್ಲ ಒರೆಸಿದರು. ಜಾಳಿಗೆಯನ್ನು ಸ್ವಚ್ಛ ಡೀಸೆಲ್ಲಿನಲ್ಲಿ ತೊಳೆದರು. ಟ್ಯಾಂಕಿನ ತಳದಲ್ಲಿದ್ದ ನೀರನ್ನೂ ಇಳಿಸಿ, ಸೀಳಿದ ಮುಚ್ಚಳದ ಡ್ರಮ್ಮನ್ನು ಮೂಲೆಗೆ ಸರಿಸಿದರು. ಒಳಗಿನ ಕಾಗದದ ಫಿಲ್ಟರನ್ನು ಅವನು ಬಕೆಟ್ಟಿಗೆ ಅದ್ದಲು ಹೋದಾಗ ಜ್ಯೋತಿ ಕಸಿದುಕೊಂಡಳು. “ಕಾಗದದ್ದ ತೊಳೀಬಾರದ್ರಿ, ಹರೀತೈತಿ. ಹೊಸಾದ ತಂದೇನಿ.” ಹೊಸದನ್ನು ಕೂಡಿಸಿ, ಕೈಪಂಪು ಒತ್ತಿ ಪೈಪಿನೊಳಗಿನ ಗಾಳಿ ತೆಗೆದರು. ಹೊಲಸು ನೀರನ್ನು ಹಳ್ಳಕ್ಕೆ ಚೆಲ್ಲಲಿಲ್ಲ, ಗ್ಯಾರೇಜಿಗೆ ಒಯ್ಯಲು ಡಬ್ಬಿಗೆ ತುಂಬಿಟ್ಟರು. ಗಾಡಿ ಒಂದೇ ತಿರುವಿಗೆ ಹೊತ್ತಿಕೊಂಡು ಒಂದೇ ಸಮ ಗುಡುಗಿತು.

ಹೊರಟು ನಿಂತಾಗ ಜ್ಯೋತಿ ಕೇಳಿದಳು, “ದೀಪದ್ದ ಅಪ್ಪಗ ನೀನ ಹೇಳ್ತೀ ಹೌದಿಲ್ಲೋ?”

“ನಾಳೆ ಹೇಳ್ತೇನಿ.”

ನಾಳೆ ಬಂತು, ಹೋಯಿತು. ಸೋಮವಾರ ಗಾಡಿಗೆ ರಜೆ. ಅಪ್ಪ ಅಷ್ಟು ಖುಷಿಯಲ್ಲಿದ್ದ, ಮಾಯಿಯ ಮಾತು ಎತ್ತಲು ಅವಳ ನಾಲಿಗೆ ಏಳಲಿಲ್ಲ.

ಮರುದಿನ ನಸುಕಿನಲ್ಲಿ ಹುಸೇನಬಿಯ ಸರತಿ. ನೀಲಕ್ಕ ಬುಟ್ಟಿ ಹತ್ತಿಸಿ, ಮುಂದೆ ಬಗ್ಗಿ, ಗಾಜಿಗೆ ಕೈ ಚಾಚಿದವಳು ಹಾವು ಮುಟ್ಟಿದಂತೆ ಹಿಂದೆ ಸರಿದಳು.

“ರೊಜಾರಿಯೊ! ಮಾಯಿ ಆರ್ಯಾಳ!”

ಇಂಜಿನ್ನು ಓಡುತ್ತಿದ್ದರೂ ಕತ್ತಲಲ್ಲಿ ಸ್ಟಿಕರ್ ಕಪ್ಪಗಿತ್ತು. ಒಂದು ಕಾಲು ಗಾಡಿಯ ಮೆಟ್ಟಿಲ ಮೇಲಿಟ್ಟಿದ್ದ ಹುಸೇನಬಿ ಆ ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು.

“ಬ್ಯಾಡಪಾ. ಬೆಳಕ ಇದ್ದಾಗನ ಗಾಡಿ ಕಾಡಾಗ ನಿಂತಿತ್ತು. ಇವತ್ತ ಬೆಳಕೂ ಇಲ್ಲ. ನಾ ಬರಂಗಿಲ್ಲ.”

“ಬಿಚ್ಚಬಾರದಿತ್ತು” ಅಂದ ರೊಜಾರಿಯೊ. ಅವನ ದನಿಯೇ ಸತ್ತಿತ್ತು. “ಕೈ ಹೋಗದಲ್ಲೆ ಕೈ ಹಾಕಿದ್ವಿ.”

ಹುಸೇನಬಿಯ ಪಾದಗಳು ಆಗಲೇ ಬಾತು ಚಪ್ಪಲಿಯ ಹೊರಗೆ ಬಂದಿದ್ದವು. ಇವತ್ತು ಯಂತ್ರಕ್ಕೆ ಹಚ್ಚದಿದ್ದರೆ ಸಂಜೆಗೆ ಅವಳಿಗೆ ಉಸಿರಾಡುವುದೇ ಕಷ್ಟ. ಅದು ಡಯಾನಾಗೆ ಗೊತ್ತು. ದೀಪ ಯಾಕೆ ಆರಿದೆ ಎಂಬುದೂ ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳು ಬಾಯಿ ತೆರೆಯದಿದ್ದರೆ ಹೇಳುವವರು ಬೇರೆ ಯಾರೂ ಇಲ್ಲ.

“ಆಯೀ, ನಿಲ್ರಿ” ಅಂದಳು.

ನೀಲಕ್ಕ ಬಾಯಿ ತೆರೆದುಕೊಂಡೇ ನಿಂತಳು.

ಡಯಾನಾ ಮುಂದೆ ಬಗ್ಗಿ ಇಂಜಿನ್ನು ಆರಿಸಿ, ಕೀಲಿಯನ್ನು ಅರ್ಧ ತಿರುವಿದಳು. ಮಾಯಿಯ ಸುತ್ತ ಹಳದಿ ಬೆಳಕು ಮಿಂಚಿತು. ಪೂರ್ತಿ ತಿರುವಿದಳು. ಇಂಜಿನ್ನು ಹೊತ್ತಿತು, ಬೆಳಕು ಆರಿತು. ಸ್ಟಿಕರಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಇಂಜಿನ್ನು ಆರಿಸಿ ಇನ್ನೊಮ್ಮೆ ಕೀಲಿ ಅರ್ಧ ತಿರುವಿದಾಗ ಎಲ್ಲರಿಗೂ ಕಂಡಿತು. ಗಾಜಿನ ಹಿಂದೆ ಸಣ್ಣದೊಂದು ದೀಪ, ಅದರಲ್ಲಿ ನೀರ ಹನಿಗಳ ಚಿತ್ರ.

ಮಾಯಿಯ ಚಿತ್ರವನ್ನು ಹಣೆಗೊತ್ತಿ, ಮೇಲಿನ ಕನ್ನಡಿಯ ಪಕ್ಕ ಅಂಟಿಸಿದಳು.

“ಮಾಯಿ ಎಲ್ಲೂ ಹೋಗಿಲ್ಲ. ಬೆಳಗತಿದ್ದದ್ದು ಈ ದೀಪ. ಡೀಸೆಲ್ದಾಗ ನೀರ ಐತಿ ಅಂತ ದಿನಾ ಒದರತಿತ್ತು, ನಾವು ಕೈ ಮುಗೀತಿದ್ವಿ. ಅದಕ್ಕ ಗಾಡಿ ಏರಿನ್ಯಾಗ ನಿಂತಿತು. ಈಗ ಫಿಲ್ಟರ್ ಸ್ವಚ್ಛ ಐತಿ, ಅದಕ್ಕ ದೀಪ ಆರೇತಿ. ಆರಿದ್ದ ಚಲೋ ಆಗೇತಿ, ಆಯಿ.”

ರೊಜಾರಿಯೊ ಆ ಹನಿಗಳ ಚಿತ್ರವನ್ನು ಹೆಬ್ಬೆರಳಿನಿಂದ ಒರೆಸಿ, ಮತ್ತೆ ಬಗ್ಗಿ ನೋಡಿದ. “ಇಷ್ಟ ವರ್ಷ ಇದರ ಬಾಯಿ ಮುಚ್ಚಿದಾಂವ ನಾನ” ಅಂದ.

ಹುಸೇನಬಿ ಡಯಾನಾಳ ಮುಖವನ್ನೇ ನೋಡಿದಳು. “ಅಂದ್ರ ಬೇಟಿ, ಗಾಡೀಗೂ ನೀ ಡಯಾಲಿಸಿಸ್ ಮಾಡೀದಿ ಅನ್ನು.”

“ಹೂಂ ಆಯಿ.”

“ಹಂಗಾರ ಹೋಗೂಣು ನಡಿ. ಅದಕ್ಕ ಆತು, ಇನ್ನ ನನಗ ಆಗಲಿ.” ಬಾತ ಕಾಲನ್ನೆತ್ತಿ ಮೆಟ್ಟಿಲ ಮೇಲಿಟ್ಟಳು.

ಗಾಡಿ ಇರುವ ಅಣ್ಣಂದಿರೇ, ಆ ಗಾಡಿಯಲ್ಲಿ ಕೂರುವ ಅಕ್ಕಂದಿರೇ, ನಿಮ್ಮ ಊರಿನ ಗಾಡಿಯಲ್ಲೂ ಯಾರೋ ಆಸ್ಪತ್ರೆಗೆ, ಯಾರೋ ಶಾಲೆಗೆ ಹೊರಟಿರುತ್ತಾರೆ. ಗಾಜಿನ ಮೇಲಿನ ದೀಪಗಳನ್ನು ಮುಚ್ಚಬೇಡಿ. ಕೀಲಿ ತಿರುವಿದಾಗ ಹತ್ತಿ, ಇಂಜಿನ್ನು ಹೊತ್ತಿದ ಮೇಲೆ ಆರಿದರೆ ಸರಿ. ಆರದಿದ್ದರೆ ಹಾಗೇ ಓಡಿಸಬೇಡಿ. ಮಳೆಗಾಲದಲ್ಲಂತೂ ಫಿಲ್ಟರಿನ ನೀರನ್ನು ಆಗಾಗ ಇಳಿಸಿ, ಕಾಗದದ ಫಿಲ್ಟರನ್ನು ಗಾಡಿಯ ಪುಸ್ತಕ ಹೇಳಿದ ಹೊತ್ತಿಗೆ ಬದಲಿಸಿ. ಡೀಸೆಲ್ಲನ್ನು ಬಂಕಿನಲ್ಲೇ ಹಾಕಿಸಿ. ಕೈ ಹೋಗುವುದಿಲ್ಲ ಅಂತ ಬಿಡಬೇಡಿ. ಬಾನೆಟ್ಟಿನಿಂದ ಹೋಗದಿದ್ದರೆ ಗಾಲಿಯ ಸಂದಿಯಿಂದ ಹೋದೀತು, ನಿಮ್ಮದು ಹೋಗದಿದ್ದರೆ ಮನೆಯ ಮಗಳದು ಹೋದೀತು. ಅವಳನ್ನು ಕರೆಯಿರಿ. ಅವಳು ಏನಾದರೂ ಹೇಳಲು ಬಂದರೆ, ಇಂಜಿನ್ನು ಆರಿಸಿ ಕೇಳಿರಿ.